ಅವಲಕ್ಕಿಯ ಕೈ, ಗಂಜಿಯ ಕೈ, ಓಟ್ಸ್‌ನ ಜಾಡಿ

ರಾತ್ರಿ ನೆನೆಸಿಟ್ಟು ಬೆಳಿಗ್ಗೆ ಹಾಗೇ ತಿನ್ನುವ ಓಟ್ಸನ್ನು ಒಂದೇ ಸಲ ಮಾಡಿ ಕೈಬಿಟ್ಟವರು ನಮ್ಮಲ್ಲಿ ಬಹಳ. ಯಾಕೆ ಅಂತ ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ ಮಾತು: ಅಂಟು. ಒಂದು ಮನೆಯಲ್ಲಿ ಬೆಳಿಗ್ಗೆ ಏಳೂವರೆಗೆ ಕಂಡದ್ದು ಹೀಗೆ. ಮೊಮ್ಮಗಳು ಫ್ರಿಜ್‌ನಿಂದ ಜಾಡಿ ತೆಗೆದು ಮುಚ್ಚಳ ತಿರುವಿದಳು. ಅಜ್ಜಿ ಬಗ್ಗಿ ನೋಡಿ, "ಏನೇ ಇದು, ಪೋಸ್ಟರ್ ಹಚ್ಚೋ ಮೈದಾ ಅಂಟಿನ ಥರ ಇದೆ?" ಅಂದರು. "ಓಟ್ಸ್ ಅಜ್ಜಿ, ರಾತ್ರಿ ಹಾಲಲ್ಲಿ ನೆನೆಹಾಕಿದ್ದೆ." "ಬೇಯಿಸದೇನೇ ತಿಂತೀಯಾ? ಹಸೀದನ್ನ?" ಹಾಗೆ ಕೇಳಿದ ಅಜ್ಜಿಯ ಕೈಯಲ್ಲೇ ಮೊಸರವಲಕ್ಕಿಯ ತಟ್ಟೆ ಇತ್ತು. ಒಗ್ಗರಣೆ ಸೌಟೊಂದನ್ನು ಬಿಟ್ಟರೆ ಅದಕ್ಕೂ ಒಲೆ ಹಚ್ಚಿರಲಿಲ್ಲ.

ಅಜ್ಜಿಯ ಎರಡು ಮಾತಿನಲ್ಲಿ ಒಂದು ಸರಿ, ಒಂದು ತಪ್ಪು. ಅಂಟಾಗಿತ್ತು, ನಿಜ. ಹಸಿಯಾಗಿರಲಿಲ್ಲ. ಯೋಚಿಸಿದರೆ ನೆನೆಸಿ ತಿನ್ನುವುದು ನಮಗೆ ಯಾರೂ ಕಲಿಸಬೇಕಾದ ವಿದ್ಯೆಯೇ ಅಲ್ಲ. ಕೋಸಂಬರಿಯ ಹೆಸರುಬೇಳೆ, ಅವಲಕ್ಕಿ, ನೀರು ಹಾಕಿಟ್ಟ ತಂಗಳನ್ನ, ಹಾಲಿಗೋ ಮಜ್ಜಿಗೆಗೋ ಕಲಸಿದ ರಾಗಿ ಹುರಿಹಿಟ್ಟು, ಒಂದಕ್ಕೂ ಬೆಳಗಿನ ಒಲೆ ಬೇಡ. ಹಾಗಿದ್ದೂ ಓಟ್ಸ್‌ನಲ್ಲಿ ಎಡವುತ್ತೇವೆ. ಕಾರಣ, ಅದನ್ನು ಅವಲಕ್ಕಿಯ ಕೈಯಲ್ಲಿ ಅಳೆಯುತ್ತೇವೆ, ಇಲ್ಲವೇ ಗಂಜಿಯ ಕೈಯಲ್ಲಿ. ಅವಲಕ್ಕಿಯ ಕೈ ನೀರು ಕಡಿಮೆ ಹಾಕಿ ಹತ್ತು ನಿಮಿಷಕ್ಕೆ ಮುಚ್ಚಳ ತೆಗೆಯುತ್ತದೆ. ಓಟ್ಸ್ ಒಣಗಿದ ಕಾಗದದಂತೆ ಹಲ್ಲಿಗೆ ಸಿಗುತ್ತದೆ. ಗಂಜಿಯ ಕೈ ಬಿಸಿ ಹಾಲು ಸುರಿದು ಚೆನ್ನಾಗಿ ಕಡೆಯುತ್ತದೆ. ಮೈದಾ ಅಂಟು ತಯಾರು.

ಹಸಿ ಅನ್ನುವುದು ಹಸಿಯಲ್ಲ

ಓಟ್ಸ್ ಕಾಳಿನಲ್ಲಿ ಕೊಬ್ಬು ನೂರಕ್ಕೆ ಆರೇಳರಷ್ಟಿದೆ. ಅಕ್ಕಿ, ಗೋಧಿಗಿಂತ ಬಹಳ ಹೆಚ್ಚು. ಜೊತೆಗೆ ಆ ಕೊಬ್ಬನ್ನು ಒಡೆಯುವ ಲೈಪೇಸ್ ಎಂಬ ಕಿಣ್ವವೂ ಅದೇ ಕಾಳಿನಲ್ಲಿ ಕೂತಿದೆ. ಕಾಳು ಇಡಿಯಾಗಿರುವಷ್ಟು ಕಾಲ ಎರಡೂ ತಮ್ಮ ಪಾಡಿಗಿರುತ್ತವೆ. ಒಡೆದ ತಕ್ಷಣ ಸೇರಿಕೊಂಡು, ಕೆಲವೇ ದಿನಗಳಲ್ಲಿ ಕಹಿ, ಕಮಟು. ಅದಕ್ಕೇ ಕಾರ್ಖಾನೆಯಲ್ಲಿ ಸಿಪ್ಪೆ ತೆಗೆದ ಕಾಳನ್ನು ಮೊದಲು ಹಬೆಯಲ್ಲಿ ಬಿಸಿ ಮಾಡಿ ಕಿಣ್ವವನ್ನು ಕೊಂದು, ಮೆತ್ತಗಾದ ಕಾಳನ್ನು ಉರುಳೆಗಳ ನಡುವೆ ಚಪ್ಪಟೆ ಮಾಡುತ್ತಾರೆ. ಪ್ಯಾಕೆಟ್ಟಿನೊಳಗೆ ಬರುವುದು ಹೀಗೆ ಅರೆಬೆಂದ ಓಟ್ಸ್. ನೆನೆಸಿದರೆ ಸಾಕಾಗುವುದು ಈ ಹಬೆಯ ಪುಣ್ಯದಿಂದ.

ನಮ್ಮ ಅವಲಕ್ಕಿಯದೂ ಇದೇ ಜಾತಕ. ಭತ್ತ ನೆನೆಸಿ, ಹುರಿದು, ಬಿಸಿಯಿರುವಾಗಲೇ ಕುಟ್ಟುತ್ತಾರೆ. ಅಲ್ಲಿ ಪಿಷ್ಟ ಪೂರ್ತಿ ಬೆಂದಿರುವುದರಿಂದ ನೀರು ಕಂಡರೆ ಸಾಕು, ಒಳಗೆ ಕರೆದುಕೊಳ್ಳುತ್ತದೆ: ಪೇಪರ್ ಅವಲಕ್ಕಿ ಕ್ಷಣದಲ್ಲಿ, ಗಟ್ಟಿ ಅವಲಕ್ಕಿ ಹತ್ತು ಹದಿನೈದು ನಿಮಿಷದಲ್ಲಿ. ಓಟ್ಸ್ ಅಷ್ಟು ಬೆಂದಿರುವುದಿಲ್ಲ. ತವುಡಿನ ಪದರವೂ ಜೊತೆಗಿದೆ. ಅದರಲ್ಲಿ ಬೀಟಾ ಗ್ಲೂಕನ್ ಎಂಬ ನೀರಿನಲ್ಲಿ ಕರಗುವ ನಾರೂ ಇದೆ. ಅದು ನೀರು ಹೀರಿ ಲೋಳೆಯಾಗುವುದು ನಿಧಾನ, ಫ್ರಿಜ್‌ನ ತಣ್ಣಗೆ ಇನ್ನೂ ನಿಧಾನ. ಹಾಗಾಗಿ ಕನಿಷ್ಠ ನಾಲ್ಕು ಗಂಟೆ ಬೇಕು. ಎಂಟರಿಂದ ಹನ್ನೆರಡು ಗಂಟೆಗೆ ಒಳ್ಳೆಯ ಹದ. ಬಿಸಿ ಹಾಲು ಹಾಕಿದಿರೋ, ಪಿಷ್ಟ ಊದಿಕೊಳ್ಳಲು ಶುರುವಾಗುತ್ತದೆ. 60 ಡಿಗ್ರಿ ದಾಟಿದ ಹಾಲು ಆ ಕೆಲಸಕ್ಕೆ ಧಾರಾಳವಾಯಿತು. ಕಾಯಿಸಿ ಪೂರ್ತಿ ಆರಿದ ಹಾಲೇ ಆಗಬೇಕು. "ಉಗುರುಬೆಚ್ಚಗಿದ್ದರೆ ನಡೆಯುತ್ತೆ" ಎಂಬ ರಿಯಾಯಿತಿಯೂ ರಾತ್ರಿಯಿಡೀ ಇಡುವುದಕ್ಕೆ ಬೇಡ. ಆ ಜಾಡಿ ಫ್ರಿಜ್‌ನಲ್ಲಿ ತಣ್ಣಗಾಗಲು ಬಹಳ ಹೊತ್ತು ಹಿಡಿಯುತ್ತದೆ.

ಹಾಗಾದರೆ ಯಾವ ಪ್ಯಾಕೆಟ್ಟು? ಅರ್ಧ ಸೋಲು ಅಂಗಡಿಯಲ್ಲೇ ಆಗಿಹೋಗುತ್ತದೆ. ನಮ್ಮ ಕಿರಾಣಿ ಅಂಗಡಿಗಳಲ್ಲಿ ಸುಮ್ಮನೆ "ಓಟ್ಸ್" ಅಂದರೆ ಹೆಚ್ಚಾಗಿ ಕೊಡುವುದು ಮೂರು ನಿಮಿಷದಲ್ಲಿ ಬೇಯುವ ಜಾತಿಯನ್ನು. ಅದು ಕತ್ತರಿಸಿ ತೆಳ್ಳಗೆ ಒತ್ತಿದ್ದು. ಗಂಜಿಗೆ ಚೆಂದ, ರಾತ್ರಿಯಿಡೀ ನೆನೆಸಿದರೆ ಮುದ್ದೆ. ನಮಗೆ ಬೇಕಾದ್ದು ರೋಲ್ಡ್ ಓಟ್ಸ್. ಕೆಲವರು ಜಂಬೋ ಅಂತಲೂ ಬರೆಯುತ್ತಾರೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದು ಓಲ್ಡ್ ಫ್ಯಾಷನ್ಡ್ ಎಂಬ ಹೆಸರಲ್ಲಿ ಸಿಗುತ್ತದೆ. ಹೆಸರು ನಂಬದಿದ್ದರೆ ಕಣ್ಣು ನಂಬಿ: ಅಂಗೈ ಮೇಲೆ ಹಾಕಿಕೊಂಡಾಗ ಪೂರ್ತಿ ಬಿಲ್ಲೆಗಳು ಕಾಣಬೇಕು, ನಡುವೆ ಗೆರೆ ಕಾಣಬೇಕು, ಪ್ಯಾಕೆಟ್ ತಳದಲ್ಲಿ ಪುಡಿ ಕಡಿಮೆ ಇರಬೇಕು. ಸ್ಟೀಲ್ ಕಟ್ ಅನ್ನುವ ನುಚ್ಚು ಬೇಡ. ರಾತ್ರಿಯಿಡೀ ನೆನೆದರೂ ಹಲ್ಲಿಗೆ ಮರಳು ಸಿಕ್ಕಂತೆ. ಮಸಾಲಾ ಓಟ್ಸ್‌ನ ಮಾತೇ ಬೇಡ. ಮನೆಯಲ್ಲಿ ಮೂರು ನಿಮಿಷದ ಪ್ಯಾಕೆಟ್ಟೇ ಇದೆ ಅಂದರೆ ಎಸೆಯಬೇಕಿಲ್ಲ. ಅದನ್ನು ರಾತ್ರಿ ಮುಟ್ಟದೆ, ಬೆಳಿಗ್ಗೆ ಸ್ನಾನಕ್ಕೆ ಹೋಗುವ ಮುಂಚೆ ತಣ್ಣನೆಯ ಮೊಸರಲ್ಲಿ ಕಲಸಿಟ್ಟರೆ ಇಪ್ಪತ್ತು ನಿಮಿಷಕ್ಕೆ ತಿನ್ನುವ ಹಾಗಾಗುತ್ತದೆ.

ಪ್ಯಾಕೆಟ್ ಒಡೆದ ಮೇಲೆ ಗಾಳಿಯಾಡದ ಡಬ್ಬಿ. ಕರಾವಳಿಯ ಮಳೆಗಾಲದಲ್ಲಿ ಡಬ್ಬಿ ಸಮೇತ ಫ್ರಿಜ್. ಮೂಸಿದಾಗ ಹಳೇ ಎಣ್ಣೆಯ ವಾಸನೆ ಬಂದರೆ ಏಲಕ್ಕಿ ಹಾಕಿ ಮುಚ್ಚಿಹಾಕಲು ಹೋಗಬೇಡಿ. ರಾತ್ರಿ ನೆನೆದು ಬೆಳಗಾಗುವುದರೊಳಗೆ ಆ ಕಮಟು ಹಾಲಿಗೆಲ್ಲ ಹರಡಿರುತ್ತದೆ.

ಒಂದು ಜಾಡಿಯ ಲೆಕ್ಕ

ಒಬ್ಬರಿಗೆ ರೋಲ್ಡ್ ಓಟ್ಸ್ 40 ಗ್ರಾಂ, ಅಂದರೆ ಅಳತೆಯ ಅರ್ಧ ಕಪ್ಪಿಗೆ ತುಸು ಕಡಿಮೆ. ಹಾಲು 120 ಮಿಲಿಲೀಟರ್. ಹುಳಿಯಾಗದ ಮೊಸರು 60 ಗ್ರಾಂ, ನಾಲ್ಕು ದೊಡ್ಡ ಚಮಚ. ಚಿಯಾ ಬೀಜ ಒಂದು ಟೀ ಚಮಚ. ಉಪ್ಪು ಚಿಟಿಕೆ; ಸಿಹಿ ಮಾಡುವುದಾದರೂ ಬಿಡಬೇಡಿ, ಉಪ್ಪಿಲ್ಲದ ಓಟ್ಸ್ ಒದ್ದೆ ರಟ್ಟಿನ ರುಚಿ. ಹಾಲು ನಂದಿನಿಯ ನೀಲಿ ಪ್ಯಾಕೆಟ್ಟಿನದೇ ಸಾಕು, ಅದರಲ್ಲಿ ಕೊಬ್ಬು ನೂರಕ್ಕೆ ಮೂರು. ಮೊಸರಿಲ್ಲದೆ ಬರೀ ಹಾಲಾದರೆ 160 ಮಿಲಿಲೀಟರ್‌ವರೆಗೆ. ಚಿಯಾ ಇಲ್ಲದಿದ್ದರೆ ಹಾಲು 20 ಮಿಲಿಲೀಟರ್ ಕಡಿಮೆ ಮಾಡಿ. ಅಂಗಡಿಯ ಗಟ್ಟಿ ಮೊಸರಾದರೆ ಎರಡು ಚಮಚ ಹಾಲು ಹೆಚ್ಚು. ರಾತ್ರಿ ನೋಡಿದಾಗ "ಅಯ್ಯೋ ನೀರಾಯ್ತು" ಅನಿಸಬೇಕು, ಅದೇ ಸರಿಯಾದ ಗುರುತು. ರಾತ್ರಿಯೇ ತಿನ್ನುವ ಹದಕ್ಕೆ ಬಂದಿದ್ದರೆ ಬೆಳಿಗ್ಗೆ ಚಮಚ ನೆಟ್ಟಗೆ ನಿಲ್ಲುತ್ತದೆ.

ಹಾಕುವ ಕ್ರಮಕ್ಕೂ ಅರ್ಥವಿದೆ. ಮೊದಲು ಒಣ ಓಟ್ಸ್, ಚಿಯಾ, ಉಪ್ಪು ಜಾಡಿಗೆ ಹಾಕಿ ಮುಚ್ಚಿ ಒಮ್ಮೆ ಅಲ್ಲಾಡಿಸಿ. ಆಮೇಲೆ ಮೊಸರು ಒಡೆದು ಬೆರೆಸಿದ ಹಾಲು. ಚಮಚದಿಂದ ತಳ ಮುಟ್ಟುವಂತೆ ಮೇಲೆ ಕೆಳಗೆ ಮಾಡಿ. ಹತ್ತು ನಿಮಿಷ ಬಿಟ್ಟು, ಪಾತ್ರೆ ತೊಳೆದು ಬಂದು, ಇನ್ನೊಮ್ಮೆ ತಿರುವಿ. ಈ ಎರಡನೇ ತಿರುವೇ ಮುಖ್ಯ. ಚಿಯಾ ತನ್ನ ತೂಕದ ಹತ್ತರಷ್ಟು ನೀರು ಹಿಡಿಯುತ್ತದೆ. ತಿರುವದಿದ್ದರೆ ತಳದಲ್ಲಿ ಕಪ್ಪೆಯ ಮೊಟ್ಟೆಯಂತೆ ಗಂಟು ಕಟ್ಟಿ ಕೂರುತ್ತದೆ. ಆದರೆ ಜೋರಾಗಿ ಕಡೆಯಬೇಡಿ, ಬೆಳಿಗ್ಗೆ ಅಂತೂ ಕಡೆಯಲೇಬೇಡಿ. ನೆನೆದ ಬಿಲ್ಲೆ ಮುರಿದಷ್ಟೂ ಲೋಳೆ ಹೊರಗೆ ಬರುತ್ತದೆ. ಅಜ್ಜಿ ಕಂಡ ಅಂಟಿಗೆ ಮೂರು ಕಾರಣ ಇದ್ದಿರಬೇಕು: ಮೂರು ನಿಮಿಷದ ಓಟ್ಸ್, ಬಿಸಿ ಹಾಲು, ಕಡೆಗೋಲು ಹಿಡಿದ ಕೈ.

ಚಿಯಾ ಮೆಕ್ಸಿಕೋ ಕಡೆಯ ಬೆಳೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದರ ಬೇಸಾಯವನ್ನು ನಮ್ಮ ರೈತರಿಗೆ ಪರಿಚಯಿಸಿದ ಮೇಲೆ ಎಚ್.ಡಿ. ಕೋಟೆ ಸುತ್ತಮುತ್ತಲೂ ಬೆಳೆಯುತ್ತಿದೆ. ಅದು ಸಿಗದಿದ್ದಾಗ ಕಾಮಕಸ್ತೂರಿ ಬೀಜ ಹಾಕುವವರಿದ್ದಾರೆ. ನೋಡಲು ಅಕ್ಕತಂಗಿಯರು, ನಡತೆ ಬೇರೆ: ಕಾಮಕಸ್ತೂರಿ ಕಾಲು ಗಂಟೆಯಲ್ಲಿ ಉಬ್ಬಿ ತನ್ನ ಸುತ್ತ ಮಾತ್ರ ಲೋಳೆ ಕಟ್ಟಿಕೊಳ್ಳುತ್ತದೆ, ಪಕ್ಕದ ಓಟ್ಸನ್ನು ಹಿಡಿದಿಡುವುದಿಲ್ಲ. ಫಾಲೂದಾಕ್ಕೆ ಸರಿ. ಇಲ್ಲಿ ಅದಕ್ಕಿಂತ ರಾಗಿ ಹುರಿಹಿಟ್ಟು ಮೇಲು. ಅರಳಿಸಿ ಬೀಸಿದ ಹಿಟ್ಟಾದ್ದರಿಂದ ಬೇಯಿಸುವ ಹಂಗಿಲ್ಲ. ಒಂದು ದೊಡ್ಡ ಚಮಚ ಹಾಕಿದರೆ ಮಂದವೂ ಆಗುತ್ತದೆ, ಘಮವೂ ಬರುತ್ತದೆ. ಆದರೆ ಹಸಿ ರಾಗಿ ಹಿಟ್ಟನ್ನು ಇದೇ ಧೈರ್ಯದಲ್ಲಿ ಹಾಕಬೇಡಿ. ಅದು ಬೆಂದಿಲ್ಲ, ಎಷ್ಟು ನೆನೆದರೂ ಬೇಯುವುದಿಲ್ಲ, ಹೊಟ್ಟೆಯೇ ಬೇಯಿಸಬೇಕು. ಅಂಗಡಿಯಲ್ಲಿ ಸಿಗುವ ಸಿರಿಧಾನ್ಯದ ಅವಲಕ್ಕಿಗಳು ಇನ್ನೊಂದು ತುದಿ: ಹತ್ತಿಪ್ಪತ್ತು ನಿಮಿಷ ಸಾಕು, ರಾತ್ರಿಯಿಡೀ ಇಟ್ಟರೆ ಕರಗಿಹೋಗುತ್ತವೆ.

ರಾತ್ರಿ ಯಾವುದು, ಬೆಳಿಗ್ಗೆ ಯಾವುದು

ಈ ತಿಂಡಿಯನ್ನು ಹೆಸರಿಗೆ ತಂದವರು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ವೈದ್ಯ ಮ್ಯಾಕ್ಸಿಮಿಲಿಯನ್ ಬಿರ್ಖರ್-ಬೆನ್ನರ್ (1867–1939). ಸುಮಾರು 1900ರ ಹೊತ್ತಿಗೆ ತಮ್ಮ ರೋಗಿಗಳಿಗೆ ಕೊಡುತ್ತಿದ್ದ ಪಥ್ಯ ಅದು. ಈಗ ಮ್ಯೂಸ್ಲಿ ಎಂಬ ಹೆಸರಲ್ಲಿ ಡಬ್ಬಿಗಟ್ಟಲೆ ಮಾರುವವರು ಅವರ ಅಳತೆ ನೋಡಿದರೆ ನಾಚಬೇಕು. ಓಟ್ಸ್ ಒಂದೇ ಒಂದು ದೊಡ್ಡ ಚಮಚ, ಮೂರು ಚಮಚ ನೀರಲ್ಲಿ ರಾತ್ರಿ ನೆನೆದದ್ದು. ಮಿಕ್ಕಿದ್ದೆಲ್ಲ ಸಿಪ್ಪೆ ಸಮೇತ ತುರಿದ ಸೇಬು, ನಿಂಬೆರಸ, ಒಂದು ಚಮಚ ಗಟ್ಟಿ ಸಿಹಿಹಾಲು, ಒಂದು ಚಮಚ ಬಾದಾಮಿಯಂಥ ಬೀಜಗಳ ತುರಿ. ಅವರ ಕಣ್ಣಲ್ಲಿ ಅದು ಸೇಬಿನ ತಿಂಡಿ, ಓಟ್ಸ್ ಬರೀ ಜೊತೆಗಾರ. ಧಾನ್ಯ ಮಾತ್ರ ರಾತ್ರಿ ನೆನೆಯಬೇಕು, ಹಣ್ಣು ತಿನ್ನುವ ಹೊತ್ತಿಗೆ ತುರಿಯಬೇಕು ಅನ್ನುವ ಅವರ ಕ್ರಮ ಇವತ್ತಿಗೂ ಸರಿ.

ಹಣ್ಣನ್ನು ರಾತ್ರಿಯೇ ಹಾಕಿದರೆ ಕೆಡುವುದು ಬರೀ ನೋಟಕ್ಕಲ್ಲ. ಹಸಿ ಅನಾನಸ್, ಕಿವಿ ಹಣ್ಣುಗಳಲ್ಲಿ ಹಾಲಿನ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳಿವೆ. ರಾತ್ರಿಯಿಡೀ ಕತ್ತರಿಸುತ್ತಾ ಕೂತರೆ ಬೆಳಿಗ್ಗೆ ಹಾಲು ಒಡೆದು ಕಹಿ. ಪರಂಗಿಯಲ್ಲೂ ಇದೆ, ಕಾಯಿಯಲ್ಲಿ ಬಹಳ, ಚೆನ್ನಾಗಿ ಮಾಗಿದ ಹಣ್ಣಿನಲ್ಲಿ ಕಡಿಮೆ. ಹಸಿ ಶುಂಠಿಯದೂ ಅದೇ ಗುಣ, ಇದು ಹಲವರಿಗೆ ಹೊಳೆಯುವುದಿಲ್ಲ. ಅನಾನಸ್ ತಿನ್ನಲೇಬೇಕೆಂದರೆ ಬೇಯಿಸಿದ್ದು ಹಾಕಿ, ಬಿಸಿಗೆ ಕಿಣ್ವ ಸಾಯುತ್ತದೆ. ಮಾವು, ದಾಳಿಂಬೆ, ಸಪೋಟ ಬೆಳಿಗ್ಗೆಯೇ. ರಾತ್ರಿ ಹಾಕಬಹುದಾದ ಹಣ್ಣು ಅಂದರೆ ಚುಕ್ಕೆ ಬಿದ್ದ ಏಲಕ್ಕಿ ಬಾಳೆ, ಅದೂ ಹೋಳಾಗಿ ಅಲ್ಲ, ಹಾಲಲ್ಲಿ ಕಿವುಚಿ. ಬಣ್ಣ ಕಂದಾಗುತ್ತದೆ, ರುಚಿಗೆ ಮೋಸವಿಲ್ಲ, ಬೇರೆ ಸಿಹಿಯೂ ಬೇಡ.

ಸಿಹಿಗೆ ಖರ್ಜೂರವೋ ಒಣದ್ರಾಕ್ಷಿಯೋ ಆದರೆ ರಾತ್ರಿ, ಜೊತೆಗೆ ಹಾಲು ಎರಡು ಚಮಚ ಹೆಚ್ಚು, ಏಕೆಂದರೆ ಅವೂ ಕುಡಿಯುತ್ತವೆ. ಬೆಲ್ಲವಾದರೆ ಸ್ವಲ್ಪ ನೀರಲ್ಲಿ ಕರಗಿಸಿ ಸೋಸಿಟ್ಟುಕೊಂಡು ಬೆಳಿಗ್ಗೆ. ಕಸವೂ ಹೋಗುತ್ತದೆ, ಹಾಲು ಒಡೆಯುವ ಭಯವೂ ಇಲ್ಲ. ಬಾದಾಮಿ ರಾತ್ರಿ ನೆನೆಯಲಿ. ಅಕ್ರೋಟು, ಹುರಿದ ಕಡಲೆಕಾಯಿ ಬೆಳಿಗ್ಗೆ: ಅಕ್ರೋಟಿನ ಸಿಪ್ಪೆ ಹಾಲಿಗೆ ಒಗರು ಬಿಡುತ್ತದೆ, ಕಡಲೆಕಾಯಿ ಮೆತ್ತಗಾದರೆ ಹಾಕಿದ್ದೇ ದಂಡ. ಏಲಕ್ಕಿ ತಣ್ಣನೆಯ ಹಾಲಿನಲ್ಲೂ ರಾತ್ರಿಯಿಡೀ ಘಮ ಬಿಡುತ್ತದೆ, ಹಾಗಾಗಿ ಎರಡು ಜಾಡಿಗೆ ಒಂದು ಕಾಯಿ. ಕಾಫಿ ಮನೆಯವರಿಗೆ ಒಂದು ಗುಟ್ಟು: ಹಾಲಿನಲ್ಲಿ 30 ಮಿಲಿಲೀಟರ್ ಕಡಿಮೆ ಮಾಡಿ ಅಷ್ಟೇ ಫಿಲ್ಟರ್ ಡಿಕಾಕ್ಷನ್ ಹಾಕಿ, ಖರ್ಜೂರ ಎರಡು. ಬಲು ಚೆನ್ನಾಗಿರುತ್ತದೆ. ಅದರಿಂದ ಬೆಳಗಿನ ಕಾಫಿ ಉಳಿಯುತ್ತದೆ ಅಂದುಕೊಂಡರೆ ಅದು ಭ್ರಮೆ.

ಒಗ್ಗರಣೆಯ ಪಕ್ಷ

ನನ್ನ ಖಚಿತ ಅಭಿಪ್ರಾಯ: ಬೆಳಿಗ್ಗೆ ಎದ್ದ ತಕ್ಷಣ ಸಿಹಿ ತಿನ್ನುವುದು ನಮ್ಮ ನಾಲಿಗೆಗೆ ಹಿಡಿಸುವುದಿಲ್ಲ. ಎರಡು ದಿನ ಹೊಸತನದಲ್ಲಿ ಹೋಗುತ್ತದೆ, ಮೂರನೇ ದಿನ ಉಪ್ಪಿಟ್ಟಿನ ನೆನಪಾಗುತ್ತದೆ. ಓಟ್ಸ್ ನಮ್ಮ ಮನೆಯಲ್ಲಿ ನಿಲ್ಲಬೇಕಾದರೆ ಮೊಸರನ್ನ, ಮೊಸರವಲಕ್ಕಿಯ ಸಾಲಲ್ಲೇ ನಿಲ್ಲಬೇಕು.

ಇಲ್ಲಿ ಬುತ್ತಿಯ ಮೊಸರನ್ನದ ಉಪಾಯವೇ ದಾರಿ. ಪ್ರಯಾಣಕ್ಕೆ ಕಟ್ಟುವ ಮೊಸರನ್ನಕ್ಕೆ ಹಾಲು ಜಾಸ್ತಿ, ಮೊಸರು ಹೆಸರಿಗಷ್ಟೇ. ಮಧ್ಯಾಹ್ನ ಬಿಚ್ಚುವ ಹೊತ್ತಿಗೆ ಹುಳಿಯದೆ ಸರಿಯಾಗಿರುತ್ತದೆ. ಹಾಗೆಯೇ 40 ಗ್ರಾಂ ಓಟ್ಸ್‌ಗೆ 120 ಮಿಲಿಲೀಟರ್ ಹಾಲು, ಮೂರು ಚಮಚ ಮೊಸರು, ಕಾಲು ಟೀ ಚಮಚಕ್ಕಿಂತ ಕಡಿಮೆ ಉಪ್ಪು. ಚಿಯಾ ಬೇಡ. ಕ್ಯಾರೆಟ್ ತುರಿ ರಾತ್ರಿಯೇ ಹಾಕಬಹುದು. ಸೌತೆಕಾಯಿ ನೀರು ಬಿಡುತ್ತದೆ, ಅದು ಬೆಳಿಗ್ಗೆ. ಹೆಚ್ಚಿದ ಹಸಿಮೆಣಸಿನಕಾಯಿ ರಾತ್ರಿ ಹಾಕಿದರೆ ಖಾರ ಜಾಡಿಗೆಲ್ಲ ಇಳಿಯುತ್ತದೆ. ಸೀಳಿ ಹಾಕಿ, ಬೆಳಿಗ್ಗೆ ತೆಗೆದುಬಿಡಿ. ತಿನ್ನುವ ಮುಂಚೆ ಒಂದೆರಡು ಚಮಚ ಹೊಸ ಮೊಸರು, ಕೊತ್ತಂಬರಿ, ತುರಿದ ಶುಂಠಿ.

ಒಲೆ ಹಚ್ಚುವುದಿಲ್ಲ ಅಂದ ಮೇಲೆ ಒಗ್ಗರಣೆ ಹೇಗೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಭಾನುವಾರ ಒಮ್ಮೆ ಮಾಡಿಡಿ: ಎರಡು ದೊಡ್ಡ ಚಮಚ ಎಣ್ಣೆಗೆ ಸಾಸಿವೆ, ಉದ್ದಿನಬೇಳೆ, ಕಡಲೆಬೇಳೆ, ಒರೆಸಿ ಪೂರ್ತಿ ಒಣಗಿಸಿದ ಕರಿಬೇವು, ಎರಡು ಮೂರು ಮಜ್ಜಿಗೆ ಮೆಣಸಿನಕಾಯಿ, ಇಂಗು. ಕರಿಬೇವು ಕೈಯಲ್ಲಿ ಪುಡಿಯಾಗುವಷ್ಟು ಗರಿಯಾಗಬೇಕು. ಅದರಲ್ಲಿ ಹಸಿ ಉಳಿದರೆ ಡಬ್ಬಿಯೆಲ್ಲ ಮೆತ್ತಗಾಗುತ್ತದೆ. ಪೂರ್ತಿ ಆರಿದ ಮೇಲೆ ಒಣ ಡಬ್ಬಿಗೆ ಹಾಕಿದರೆ ವಾರ ಬರುತ್ತದೆ. ತಿನ್ನುವಾಗ ಮೇಲೆ ಒಂದು ಚಮಚ ಉದುರಿಸಿದರೆ ಉದ್ದಿನಬೇಳೆ ಕಟುಂ ಅನ್ನಬೇಕು. ರಾತ್ರಿಯೇ ಜಾಡಿಗೆ ಹಾಕಿದರೆ ಆ ಸದ್ದು ಸತ್ತಿರುತ್ತದೆ. ಮೆತ್ತನೆಯ ತಿಂಡಿಯಲ್ಲಿ ಹಲ್ಲಿಗೆ ಕೆಲಸ ಕೊಡುವುದು ಅದೊಂದೇ.

ಫ್ರಿಜ್, ಕರೆಂಟು, ಶೀತ

ನೆನೆಯುವುದು ಫ್ರಿಜ್‌ನೊಳಗೇ, 5 ಡಿಗ್ರಿಗಿಂತ ಕೆಳಗೆ, ಬಾಗಿಲಿನಲ್ಲಲ್ಲ, ಒಳ ಹಲಗೆಯಲ್ಲಿ. ತಂಗಳನ್ನ ಹೊರಗೇ ಇಡುತ್ತಿದ್ದರಲ್ಲ ಎಂಬ ವಾದ ಇಲ್ಲಿ ನಡೆಯುವುದಿಲ್ಲ. ಅಲ್ಲಿ ಅನ್ನ ನೀರಲ್ಲಿ ಹುಳಿಯಾಗಲಿ ಅಂತಲೇ ಇಡುವುದು, ಇಲ್ಲಿರುವುದು ಹಾಲು. ಧಾನ್ಯಗಳ ಮೇಲೆ ಬಿಸಿಗೂ ಜಗ್ಗದ ಬ್ಯಾಕ್ಟೀರಿಯಾ ಬೀಜಕಗಳು ಇರುತ್ತವೆ, ಬೆಚ್ಚಗಿನ ಹಾಲು ಸಿಕ್ಕರೆ ಅವಕ್ಕೆ ಹಬ್ಬ. ಹೊರಗೆ ಎರಡು ಗಂಟೆ ದಾಟಬಾರದು, ಬಳ್ಳಾರಿ, ಕಲಬುರಗಿಯ ಬೇಸಿಗೆಯಲ್ಲಿ ಒಂದೇ ಗಂಟೆ. ರಾತ್ರಿ ಕರೆಂಟು ಹೋದರೆ, ಬಾಗಿಲು ತೆಗೆಯದಿದ್ದರೆ ಫ್ರಿಜ್ ನಾಲ್ಕು ಗಂಟೆ ತಣ್ಣಗಿರುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಹೋಗಿದ್ದರೆ ಮೂಸಿ ತೀರ್ಮಾನ ಮಾಡಬೇಡಿ, ಚೆಲ್ಲಿ. ಫ್ರಿಜ್ ಇಲ್ಲದ ಕೋಣೆಯಲ್ಲಿರುವವರಿಗೆ ನೇರ ಸಲಹೆ: ಓಟ್ಸ್ ಬಿಡಿ, ಗಟ್ಟಿ ಅವಲಕ್ಕಿ ತನ್ನಿ. ಹದಿನೈದು ನಿಮಿಷದ ಕೆಲಸಕ್ಕೆ ರಾತ್ರಿಯೆಲ್ಲ ಯಾಕೆ ಕಾಯಬೇಕು?

ಜಾಡಿ 350 ಮಿಲಿಲೀಟರಿನದು, ಮುಕ್ಕಾಲು ಮಾತ್ರ ತುಂಬಿ. ಹಳೇ ಜಾಮ್ ಬಾಟಲಿ, ಸ್ಟೀಲ್ ಡಬ್ಬಿ ಎರಡೂ ಆಗುತ್ತದೆ. ಮೊಸರಿರುವುದರಿಂದ ಹಿತ್ತಾಳೆ, ಅಲ್ಯೂಮಿನಿಯಂ ಬೇಡ. ಮುಚ್ಚಳ ಬಿಗಿಯಾಗಿರಲಿ. ಪಕ್ಕದಲ್ಲಿ ಹಲಸಿನ ತೊಳೆಯೋ ಮಲ್ಲಿಗೆ ಹೂವೋ ಇದ್ದರೆ ಬೆಳಿಗ್ಗೆ ಓಟ್ಸೂ ಅದೇ ಆಗಿರುತ್ತದೆ. ಹಣ್ಣು ಹಾಕದ ಜಾಡಿ ಮೂರು ದಿನ ಬರುತ್ತದೆ. ಎರಡನೇ ದಿನದಿಂದ ಗಟ್ಟಿಯಾಗುತ್ತಾ ಹೋಗುತ್ತದೆ, ಎರಡು ಮೂರು ಚಮಚ ಹಾಲು ಬೆರೆಸಿದರೆ ಸಡಿಲ.

ತಣ್ಣನೆಯದು ತಿಂದರೆ ಶೀತ ಎನ್ನುವವರೊಂದಿಗೆ ವಾದ ಬೇಡ. ಸ್ನಾನಕ್ಕೆ ಹೋಗುವ ಮುಂಚೆ ಹೊರಗಿಟ್ಟರೆ ಅರ್ಧ ಗಂಟೆಯಲ್ಲಿ ಹಲ್ಲು ಜುಂ ಅನ್ನುವುದು ನಿಲ್ಲುತ್ತದೆ. ಒಲೆಯ ಮೇಲಿಟ್ಟು ಬಿಸಿ ಮಾಡಿದರೆ ಮೊಸರು ಒಡೆಯುತ್ತದೆ, ಓಟ್ಸ್ ಗಂಜಿಯಾಗುತ್ತದೆ. ಗಂಜಿಯೇ ಬೇಕಿದ್ದರೆ ಐದು ನಿಮಿಷದಲ್ಲಿ ಹೊಸದಾಗಿ ಕಾಯಿಸಬಹುದಿತ್ತು.

ಆರೋಗ್ಯದ ದೊಡ್ಡ ಮಾತುಗಳ ಬಗ್ಗೆ ಸ್ವಲ್ಪ. ಮೊದಲ ಅಳತೆಯ ಜಾಡಿಯಲ್ಲಿ ಸಿಹಿ, ಹಣ್ಣು ಬಿಟ್ಟು ಸುಮಾರು 275 ಕ್ಯಾಲೊರಿ, 11 ಗ್ರಾಂ ಪ್ರೋಟೀನ್. ಕೊಲೆಸ್ಟರಾಲ್ ಇಳಿಯಲು ದಿನಕ್ಕೆ ಬೇಕೆನ್ನುವ ಬೀಟಾ ಗ್ಲೂಕನ್ 3 ಗ್ರಾಂ. 40 ಗ್ರಾಂ ಓಟ್ಸ್‌ನಲ್ಲಿ ಬರುವುದು ಅದರ ಅರ್ಧದಷ್ಟು. ನೆನೆಸಿದರೆ ಧಾನ್ಯದಲ್ಲಿ ಕಬ್ಬಿಣವನ್ನು ಹಿಡಿದಿಡುವ ಫೈಟಿಕ್ ಆಮ್ಲ ಹೋಗಿ ಕಬ್ಬಿಣಾಂಶ ಹೆಚ್ಚು ದಕ್ಕುತ್ತದೆ ಅನ್ನುವ ಮಾತು ರಾಗಿ ಮೊಳಕೆಗೆ ಒಪ್ಪುತ್ತದೆ, ಓಟ್ಸ್‌ಗೆ ಅಷ್ಟಾಗಿ ಅಲ್ಲ: ಆ ಕೆಲಸ ಮಾಡುವ ಕಿಣ್ವ ಓಟ್ಸ್‌ನಲ್ಲಿ ಮೊದಲೇ ಕಡಿಮೆ, ಇದ್ದದ್ದೂ ಕಾರ್ಖಾನೆಯ ಹಬೆಯಲ್ಲಿ ಹೋಗಿರುತ್ತದೆ. ನಾರು ಅಭ್ಯಾಸವಿಲ್ಲದ ಹೊಟ್ಟೆ ಮೊದಲ ವಾರ ಗುಡುಗುತ್ತದೆ. 25 ಗ್ರಾಂನಿಂದ ಶುರು ಮಾಡಿ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಆಗದವರು ಗ್ಲುಟೆನ್ ಇಲ್ಲ ಎಂದು ನಮೂದಿಸಿದ ಪ್ಯಾಕೆಟ್ಟನ್ನೇ ಕೊಳ್ಳಬೇಕು, ಗೋಧಿ ಬೀಸುವ ಕಡೆಯೇ ಓಟ್ಸೂ ತಯಾರಾಗುವುದುಂಟು.

ತಿಂದಾದ ಮೇಲೆ ಜಾಡಿಗೆ ತಕ್ಷಣ ತಣ್ಣೀರು ತುಂಬಿಸಿಡಿ. ಸಿಂಕಿನಲ್ಲಿ ಹಾಗೇ ಬಿಟ್ಟು ಆಫೀಸಿಗೆ ಹೋದರೆ ಸಂಜೆ ಹೊತ್ತಿಗೆ ಗಾಜಿಗೆ ಕಚ್ಚಿಕೊಂಡಿರುತ್ತದೆ. ಅದನ್ನು ತೆಂಗಿನ ನಾರಿನಲ್ಲಿ ಉಜ್ಜುವಾಗ ಮೈದಾ ಅಂಟಿನ ವಿಚಾರದಲ್ಲಿ ಅಜ್ಜಿಯೇ ಸರಿ ಅನಿಸುತ್ತದೆ.